ಬಡಗಿಯಕ್ಕನ ಬಲಗಣ್ಣು

ಮರದ ಅಂಗಡಿಯವನು ಹಲಗೆಯ ಒಂದು ತುದಿಯನ್ನು ನೆಲಕ್ಕೂರಿ, ಮತ್ತೊಂದನ್ನು ಬಡಗಿಯಕ್ಕನ ಗಲ್ಲದ ಮಟ್ಟಕ್ಕೆ ಎತ್ತಿ ಹಿಡಿದು ನಿಂತಿದ್ದ. ಆಕೆ ಎಡಗಣ್ಣನ್ನು ಮುಚ್ಚಿ, ಬಲಗಣ್ಣನ್ನು ಹಲಗೆಯ ಅಂಚಿಗೆ ಸಮನಾಗಿ ತಂದು, ಉಸಿರು ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ದೃಷ್ಟಿಯನ್ನು ಹರಿಸಿದಳು.

"ಇದೂ ಬೇಡ. ನಡೂಲಿ ಬಳುಕಿದೆ."

"ಅದೂ ಬಳುಕಿದೆ, ಇದೂ ಬಳುಕಿದೆ. ನಾನೇನು ಮರ ಮಾರ್ತಿದೀನೋ, ನಾಟ್ಯಶಾಲೆ ನಡೆಸ್ತಿದೀನೋ?"

ಹಲಗೆ ಹೊರುವ ಆಳುಗಳು ನಕ್ಕರು. ಅಂಗಡಿಯವನು ನಗಲಿಲ್ಲ. ಜೇಬಿನಿಂದ ನೂಲಿನ ಉಂಡೆ ತೆಗೆದು, ಹಲಗೆಯ ಅಂಚಿನುದ್ದಕ್ಕೂ ಬಿಗಿಯಾಗಿ ಎಳೆದು ಹಿಡಿದ. ನೂಲಿಗೂ ಮರಕ್ಕೂ ನಡುವೆ ಕೂದಲು ತೂರುವಷ್ಟು ಸಂದೂ ಇರಲಿಲ್ಲ.

"ನೋಡಿ ಅಕ್ಕ. ನೂಲಿಗಿಂತ ನೇರ ಇನ್ನೇನಿದೆ ಹೇಳಿ."

ಆಕೆ ಮತ್ತೊಮ್ಮೆ ಬಾಗಿ ನೋಡಿದಳು. "ನಿನ್ನ ನೂಲೂ ಬಳುಕಿದೆ" ಎಂದಳು.

ಈ ಸಲ ಯಾರೂ ನಗಲಿಲ್ಲ. ಆ ಮೌನವೇ ಆಕೆಯನ್ನು ಎಚ್ಚರಿಸಿತು. ಮುಚ್ಚಿದ್ದ ಎಡಗಣ್ಣನ್ನು ತೆರೆದಳು; ನೂಲು ಬಾಣದ ಹಾದಿಯಂತೆ ನೆಟ್ಟಗಿತ್ತು. ಮುಚ್ಚಿದಳು, ನಟ್ಟನಡುವೆ ಯಾರೋ ಚಿವುಟಿ ಒಳಕ್ಕೆಳೆದಂತೆ ಕುಸಿಯಿತು. ತೆರೆದಳು, ಮುಚ್ಚಿದಳು. ಬಳಿಕ "ಎಲ್ಲಾ ಗಾಡಿಗೆ ಹಾಕು" ಎಂದಷ್ಟೇ ಹೇಳಿ ಹೊರಟುಬಿಟ್ಟಳು.

ಕುಶಲಕರ್ಮಿಗೆ ತನ್ನ ಇಂದ್ರಿಯದ ಮೇಲಿರುವ ವಿಶ್ವಾಸವು ಭಕ್ತನಿಗೆ ದೈವದ ಮೇಲಿರುವ ವಿಶ್ವಾಸಕ್ಕೆ ಸಮಾನವಾದುದು. ಅದು ಪ್ರಮಾಣವನ್ನು ಕೇಳುವುದಿಲ್ಲ, ತಾನೇ ಪ್ರಮಾಣವಾಗಿರುತ್ತದೆ. ಬಡಗಿಯಕ್ಕ ತಂದೆಯಿಂದ ಕಲಿತದ್ದು ಉಳಿ ಹಿಡಿಯುವುದನ್ನಲ್ಲ, ನೋಡುವುದನ್ನು. ಉಳಿಯನ್ನು ಕೈ ತಾನಾಗಿ ಕಲಿತಿತ್ತು. ಬೇರೆ ಬಡಗಿಗಳು ಮೂಲೆಮಟ್ಟವನ್ನು ಹುಡುಕುವ ಹೊತ್ತಿಗೆ ಆಕೆಯ ಬಲಗಣ್ಣು ತೀರ್ಪು ಕೊಟ್ಟು ಮುಂದಿನ ಹಲಗೆಗೆ ಹೋಗಿರುತ್ತಿತ್ತು. ಅಂಥ ಕಣ್ಣು ಸುಳ್ಳು ಹೇಳೀತೆಂಬ ಶಂಕೆ ಆಕೆಗೆ ಬರುವಂತೆಯೇ ಇರಲಿಲ್ಲ. ಆದುದರಿಂದಲೇ, ಕಳೆದ ಕೆಲವು ತಿಂಗಳುಗಳಿಂದ ಹಲಗೆಯಲ್ಲಿ ಡೊಂಕು ಕಂಡಾಗಲೆಲ್ಲ ಕೀಸುಳಿ ಎತ್ತಿಕೊಂಡು ಹೆರೆದಿದ್ದಳು. ಕಣ್ಣಿಗೆ ನೇರವೆನಿಸುವವರೆಗೆ ಹೆರೆದಿದ್ದಳು. ಇಲ್ಲದ ಡೊಂಕನ್ನು ತಿದ್ದಲು ಹೋಗಿ ಇದ್ದ ನೇರವನ್ನು ಕೆಡಿಸಿದ್ದಳು. ಮರ ಪಾಪ, ಹೇಳಿದಂತೆ ಕೇಳಿತ್ತು. ಹೀಗೆ ಮಾಡಿದ ಕಿಟಕಿಯೊಂದು ಗಿರಾಕಿಯ ಮನೆಯಲ್ಲಿ ಮುಚ್ಚಿಕೊಳ್ಳಲಿಲ್ಲ. ಆಕೆ ಮರದ ತೇವವನ್ನು ಬೈದಳು, ಹವೆಯನ್ನು ಬೈದಳು, ಕೀಸುಳಿಯ ಅಲಗನ್ನು ಮಸೆದು ಮಸೆದು ಅರ್ಧ ಮಾಡಿದಳು. ಕಣ್ಣನ್ನು ಮಾತ್ರ ಒಂದು ಮಾತೂ ಅನ್ನಲಿಲ್ಲ.

ಅಂಗಡಿಯಿಂದ ಬಂದ ಮೇಲೆ ಕೆಲವು ದಿನ ಆಕೆ ಯಾರಿಗೂ ಏನೂ ಹೇಳದೆ ಒಂದು ಕಣ್ಣು ಮುಚ್ಚಿ ಒಂದು ಕಣ್ಣು ತೆರೆದು ಲೋಕವನ್ನೆಲ್ಲ ಪರೀಕ್ಷಿಸುತ್ತ ತಿರುಗಿದಳು. ಬಾಗಿಲ ಚೌಕಟ್ಟು, ಬೀದಿಯ ವಿದ್ಯುತ್ ತಂತಿ, ಬಚ್ಚಲ ಗೋಡೆಯ ಬಿಲ್ಲೆಗಳ ಗೆರೆ, ಎಲ್ಲವೂ ಬಲಗಣ್ಣಿನ ಮುಂದೆ ನಡು ಮುರಿದುಕೊಂಡವು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ತಮ್ಮನ ಹೆಂಡತಿಯ ಮುಖದ ಮೇಲೂ ಇದೇ ಪರೀಕ್ಷೆ ನಡೆಯಿತು. ಆಕೆ ಸೌಟು ಕೆಳಗಿಟ್ಟು ನೋಡಿದಳು.

"ಏನತ್ತಿಗೆ, ಬೆಳಿಗ್ಗೆ ಬೆಳಿಗ್ಗೆ ನಂಗೆ ಕಣ್ಣು ಹೊಡೀತಿದೀರಾ? ನಿಮ್ಮ ತಮ್ಮಂಗೆ ಹೇಳ್ಲಾ?"

"ಸುಮ್ನೆ ನಿಂತ್ಕೊಳೇ. ನಿನ್ನ ಮೂಗು ಕಾಣಿಸ್ತಿಲ್ಲ."

"ಇರೋದೇ ಚೂರು. ಮದುವೆಯಲ್ಲೇ ಎಲ್ಲರೂ ಹುಡುಕಿದ್ರು." ನಗುತ್ತಲೇ ಹೇಳಿದವಳು ಅತ್ತಿಗೆಯ ಮುಖದಲ್ಲಿ ನಗುವಿಲ್ಲದ್ದನ್ನು ಕಂಡು ನಿಲ್ಲಿಸಿದಳು. "ನಿಜವಾಗ್ಲೂ ಕಾಣಿಸ್ತಿಲ್ವಾ?"

"ಕಿವಿ ಕಾಣುತ್ತೆ, ಕೂದಲು ಕಾಣುತ್ತೆ. ನಡೂಲಿ ಯಾರೋ ಉಜ್ಜಿ ಹಾಕಿದ ಹಾಗಿದೆ."

ತಮ್ಮನ ಹೆಂಡತಿ ಒಲೆ ಆರಿಸಿದಳು. ಅದೇ ದಿನ ತಮ್ಮನನ್ನೂ ಸೇರಿಸಿಕೊಂಡು ಮೂವರೂ ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದರು.

ಡಾಕ್ಟರು ಮಿತಭಾಷಿಣಿಯಾದ ನಡುವಯಸ್ಸಿನ ಹೆಂಗಸು. ಸ್ಕ್ಯಾನಿನ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ಪದರ ಪದರವಾಗಿ ಜೋಡಿಸಿದ ತೆಳು ಹಲಗೆಗಳಂತಿದ್ದ ಬೂದುಬಣ್ಣದ ಪಟ್ಟಿಯ ನಡುವೆ ಒಂದು ಕಂದರವಿತ್ತು. ಅದರ ಎರಡು ಅಂಚುಗಳೂ, ಬಿಸಿಲಿಗೆ ಬಿಟ್ಟ ಹಲಗೆಯ ಅಂಚಿನಂತೆ, ಮೇಲಕ್ಕೆದ್ದಿದ್ದವು.

"ಕಣ್ಣಿನ ಒಳಗೆ ಲೋಳೆ ಥರ ಒಂದು ವಸ್ತು ತುಂಬಿರುತ್ತೆ. ವಯಸ್ಸಾದ ಹಾಗೆ ಅದು ಕುಗ್ಗುತ್ತೆ, ಹಿಂದಿನ ಪರದೆಯಿಂದ ಬಿಟ್ಟುಕೊಳ್ಳುತ್ತೆ. ಸಲೀಸಾಗಿ ಬಿಟ್ಟರೆ ತೊಂದರೆ ಇಲ್ಲ. ನಿಮ್ಮದು ಬಿಡೋವಾಗ ಪರದೆಯ ನಟ್ಟನಡುವನ್ನ ಎಳೆದುಬಿಟ್ಟಿದೆ. ಅಲ್ಲಿ ತೂತು ಬಿದ್ದಿದೆ. ಓದೋದು, ಮುಖ ಗುರುತಿಸೋದು, ನೀವು ಹಲಗೆ ನೋಡೋದು, ಎಲ್ಲಾ ಆ ಜಾಗದ ಕೆಲಸ."

"ಹೊಲಿಗೆ ಹಾಕ್ತೀರಾ ಡಾಕ್ಟ್ರಮ್ಮ?"

"ಹೊಲಿಯೋ ಅಂಥ ಜಾಗ ಅಲ್ಲ ಅದು. ಸಣ್ಣ ರಂಧ್ರ ಮಾಡಿ ಒಳಗೆ ಹೋಗಿ ಮೊದಲು ಲೋಳೆ ತೆಗೀತೀವಿ. ಆಮೇಲೆ ಪರದೆಯ ಮೇಲೆ ಒಂದು ಸಿಪ್ಪೆ ಇರುತ್ತೆ, ನೀಲಿ ಬಣ್ಣ ಹಾಕಿದ್ರೇನೇ ಕಾಣೋದು, ಅಷ್ಟು ತೆಳು. ತೂತಿನ ಸುತ್ತ ಅದನ್ನ ಸುಲೀತೀವಿ. ಬಿಗಿತ ಹೋದ್ರೆ ಅಂಚುಗಳು ಮಲಗಿ ಒಂದಕ್ಕೊಂದು ಹತ್ತಿರ ಬರ್ತವೆ. ಅವು ಕೂಡಿಕೊಳ್ಳೋತನಕ ಅಲ್ಲಿ ನೀರು ಹೋಗದ ಹಾಗೆ ಒಂದು ಗ್ಯಾಸಿನ ಗುಳ್ಳೆ ಬಿಡ್ತೀವಿ."

"ಗುಳ್ಳೆ ಮೇಲಕ್ಕೆ ಹೋಗುತ್ತಲ್ಲ?"

"ಹೋಗುತ್ತೆ. ಅದಕ್ಕೇ ನೀವು ಒಂದು ವಾರ ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ಊಟ, ನಿದ್ದೆ, ಮಾತು, ಎಲ್ಲಾ ಹಾಗೇ. ಆಗ ಕಣ್ಣಿನ ಹಿಂಭಾಗವೇ ಮೇಲಾಗುತ್ತೆ, ಗುಳ್ಳೆ ತೂತಿಗೆ ಒತ್ತಿಕೊಂಡು ನಿಲ್ಲುತ್ತೆ."

ರಸಮಟ್ಟದ ಗಾಜಿನ ಕೊಳವೆಯೊಳಗಿನ ಗುಳ್ಳೆಯನ್ನು ನಡುಗೆರೆಗಳ ಮಧ್ಯೆ ನಿಲ್ಲಿಸುವುದಕ್ಕಾಗಿ ಎಷ್ಟೋ ಚೌಕಟ್ಟುಗಳನ್ನು ಎಳೆಯಷ್ಟು ಎತ್ತಿ, ಎಳೆಯಷ್ಟು ಇಳಿಸಿದವಳು ಬಡಗಿಯಕ್ಕ. ಈಗ ತನ್ನ ತಲೆಯೇ ರಸಮಟ್ಟವಾಗಬೇಕೆಂಬುದು ಅರ್ಥವಾಗಲು ಆಕೆಗೆ ಎರಡನೆಯ ಮಾತು ಬೇಕಾಗಲಿಲ್ಲ.

"ಇನ್ನೂ ಮುಂಚೆ ಬರಬೇಕಿತ್ತು" ಎಂದರು ಡಾಕ್ಟರು.

"ಮರ ಬೈಕೊಂಡು ಕೂತಿದ್ದೆ."

"ತೂತು ದೊಡ್ಡದಾಗಿದೆ. ಮುಚ್ಚಬಹುದು, ಮುಚ್ಚದೇನೂ ಇರಬಹುದು. ಮುಚ್ಚಿದರೂ ಮೊದಲಿನ ನೋಟ ಪೂರ್ತಿ ಬರುತ್ತೆ ಅಂತ ನಾನು ಹೇಳಲ್ಲ. ಈ ಆಪರೇಷನ್ ಆದ ಮೇಲೆ ಆ ಕಣ್ಣಿಗೆ ಬೇಗ ಪೊರೆ ಬರೋದೂ ಉಂಟು. ಆಗ ಅದನ್ನೂ ತೆಗೀಬೇಕಾಗುತ್ತೆ."

ತಮ್ಮ ಮುಂದಕ್ಕೆ ಬಾಗಿದ. "ಮಾಡಿಸದೇ ಇದ್ರೆ ಡಾಕ್ಟ್ರೇ?"

"ಪೂರ್ತಿ ಕುರುಡಾಗಲ್ಲ. ಬದಿಯ ನೋಟ ಉಳಿಯುತ್ತೆ. ಎಡಗಣ್ಣು ಚೆನ್ನಾಗಿದೆ. ಜೀವನ ನಡೆಯುತ್ತೆ."

ತಮ್ಮ ಆ ಕೊನೆಯ ಮಾತನ್ನು ಹಗ್ಗ ಹಿಡಿದಂತೆ ಹಿಡಿದುಕೊಂಡ. ಮನೆಗೆ ಬರುವಾಗ ಬಸ್ಸಿನಲ್ಲಿ ಎರಡು ಸಲ ಹೇಳಿದ, ಇಳಿದು ನಡೆಯುವಾಗ ಮತ್ತೊಂದು ಸಲ ಹೇಳಿದ. "ಡಾಕ್ಟ್ರೇ ಅಂದ್ರಲ್ಲ ಅಕ್ಕ, ಜೀವನ ನಡೆಯುತ್ತೆ ಅಂತ."

"ನಡೆಯುತ್ತೆ. ಯಾರದ್ದು ಅಂತ ಕೇಳಿದ್ಯಾ?"

ಅವನ ಉತ್ತರ ಮರುದಿನ ಮರಗೆಲಸದ ಕಾರ್ಖಾನೆಯಲ್ಲಿ ಹೊರಬಿತ್ತು. ತಮ್ಮನ ಪಾಲಿನ ಕೆಲಸ ಅಂಟು, ಮೆರುಗು ಮತ್ತು ಗಿರಾಕಿಗಳು. ಅಂಟಿನ ಕುಂಚವನ್ನು ಬಿಸಿನೀರಿನಲ್ಲಿ ತೊಳೆಯುತ್ತ, ತಲೆಯೆತ್ತದೆ ಹೇಳಿದ:

"ಗ್ರಂಥಾಲಯದವರಿಗೆ ಹೇಳಿಬಿಟ್ಟೆ. ಮೇಜು ಬೇರೆಯವರ ಹತ್ತಿರ ಮಾಡಿಸ್ಕೊಳ್ಳಿ ಅಂತ."

ಆ ಮೇಜು ಸಾಮಾನ್ಯವಾದದ್ದಲ್ಲ. ಗ್ರಂಥಾಲಯದ ಓದುವ ಕೋಣೆಯ ಉದ್ದಕ್ಕೂ ಹಬ್ಬಿ, ಎರಡು ಬದಿಯಲ್ಲೂ ಓದುಗರನ್ನು ಕೂರಿಸಿಕೊಳ್ಳಬೇಕಾದದ್ದು. ಉದ್ದುದ್ದ ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಬೇಕು. ಕೂಡಿಸಿದ ಜಾಗ ಬರೆಯುವವರ ಕಾಗದದಡಿಯಲ್ಲಿ ತಿಳಿಯಬಾರದು. ಬಡಗಿಯಕ್ಕ ಅದಕ್ಕಾಗಿ ಮನಸ್ಸಿನಲ್ಲಿ ಮರವನ್ನು ಆರಿಸಿಟ್ಟು ಬಹಳ ದಿನವಾಗಿತ್ತು.

"ಯಾರನ್ನ ಕೇಳಿ ಹೇಳಿದೆ?"

"ಯಾರನ್ನೂ ಕೇಳಿಲ್ಲ." ಕುಂಚ ಅವನ ಕೈಯಲ್ಲಿ ನಿಂತಿತು. "ಆ ಕಿಟಕಿ ಒಪ್ಪಿಸೋಕೆ ಹೋದವನು ನಾನು. ಆ ಮನೆಯವರು ನಿನ್ನ ಕೈಕೆಲಸಕ್ಕೆ ಅಂದ ಮಾತು ಕೇಳಿದವನು ನಾನು. ನಿಂಗೆ ಅದನ್ನ ಹೇಳಿಲ್ಲ, ಹೇಳೋದೂ ಇಲ್ಲ. ಇನ್ನೊಂದು ಸಲ ಅಂಥದ್ದು ಕೇಳೋಕೆ ನನ್ನಿಂದಾಗಲ್ಲ ಅಕ್ಕ. ಇಷ್ಟು ವರ್ಷ ದುಡಿದಿದೀಯ. ಇನ್ನು ಕುರ್ಚಿ ಹಾಕ್ಕೊಂಡು ಕೂತು ಹೇಳು. ಮಾಡೋರು ಮಾಡ್ತಾರೆ."

ದ್ವೇಷದಿಂದ ಬಂದ ಮಾತಾಗಿದ್ದರೆ ಅದನ್ನು ಮುರಿಯುವುದು ಸುಲಭವಿತ್ತು. ಇದು ಪ್ರೀತಿಯಿಂದ ಬಂದದ್ದು. ಪ್ರೀತಿಯು ಕರುಣೆಯ ವೇಷ ತೊಟ್ಟು ಬಂದಾಗ ಅದಕ್ಕಿಂತ ಬಲವಾದ ಸಂಕೋಲೆ ಬೇರೊಂದಿಲ್ಲ. ಆದರೂ ಬಡಗಿಯಕ್ಕ ಹೇಳಿದಳು:

"ನಿನ್ನ ಕಿವಿ ನೋಯುತ್ತೆ ಅಂತ ನನ್ನ ಕೈ ಕಟ್ಟಿಹಾಕ್ತೀಯೇನೋ? ಆಪರೇಷನ್ ಮಾಡಿಸ್ಕೋತೀನಿ. ಮೇಜೂ ಮಾಡ್ತೀನಿ. ಹೋಗಿ ಅವರಿಗೆ ನನ್ನ ತಮ್ಮ ತಲೆ ಕೆಟ್ಟು ಏನೋ ಅಂದ ಅಂತ ಹೇಳು."

"ನಾನು ಹೇಳಲ್ಲ."

"ಬೇಡ ಬಿಡು. ಅವರೇ ಬರ್ತಾರೆ."

ಅಂದು ಸಂಜೆ ದೀಪ ಹಚ್ಚಿ ದೇವರ ಮುಂದೆ ಕುಳಿತಾಗ ಆಕೆ ಬೇಡಿಕೊಳ್ಳಲಿಲ್ಲ. "ನೀನು ಮಾಡಿದ ಕೆಲಸ, ತೂತು ಬಿತ್ತು. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈ ಹಾಕಬಾರದು ಅನ್ನೋದು ನಮ್ಮ ಕಸುಬಿನ ಮರ್ಯಾದೆ. ಆದ್ರೆ ನೀನು ರಿಪೇರಿಗೆ ಬರೋ ಹಾಗೆ ಕಾಣಿಸ್ತಿಲ್ಲ. ಅದಕ್ಕೆ ಡಾಕ್ಟ್ರಮ್ಮನ ಕೈಯಲ್ಲಿ ಮಾಡಿಸ್ಕೋತೀನಿ. ಆಮೇಲೆ ಬೇಜಾರು ಮಾಡ್ಕೋಬೇಡ" ಎಂದಳು. ಇದು ಪ್ರಾರ್ಥನೆಯೋ ಕಲಹವೋ ಎಂದು ಕೇಳಿದರೆ, ಭಕ್ತಿಯ ಮರ್ಮವನ್ನು ಬಲ್ಲವರು ಇವೆರಡರ ನಡುವೆ ಹೆಚ್ಚಿನ ಅಂತರವನ್ನು ಕಾಣುವುದಿಲ್ಲ. ಮಾತು ಮುಗಿಸಿದವಳು ಎಂದಿಗಿಂತ ಹೆಚ್ಚು ಹೊತ್ತು ಕೈಮುಗಿದುಕೊಂಡೇ ಕುಳಿತಿದ್ದಳು.

ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು. ಮುಖ ಕೆಳಗೆ ಮಾಡಿ ಮಲಗಲು ದಿಂಬುಗಳನ್ನು ಪೇರಿಸಿದರಾಯಿತೆಂದು ತಮ್ಮ ಹೇಳಿದ. ದಿಂಬು ಜಾರಿದರೆ ಗುಳ್ಳೆಯೂ ಜಾರುತ್ತದೆಂದು ಆಕೆ ಉಳಿದ ಮರದ ತುಂಡುಗಳನ್ನು ತೆಗೆದಳು. ಎಡಗಣ್ಣು ಮತ್ತು ಬೆರಳುಗಳ ಭರವಸೆಯಲ್ಲಿ ಒಂದು ಪೀಠವನ್ನು ಕಟ್ಟಿದಳು. ಎದೆಗೆ ಆನಿಕೆ, ಮುಂಗೈಗಳಿಗೆ ತೋಳು, ಹಣೆ ಗಲ್ಲಗಳನ್ನು ತಾಳುವ ಬಟ್ಟೆ ಸುತ್ತಿದ ಬಳೆಯಾಕಾರದ ಚೌಕಟ್ಟು. ಕೈವಾರವನ್ನು ತನ್ನ ಮುಖಕ್ಕೇ ಹಿಡಿದು ಅಳತೆ ತೆಗೆದಳು. ಮೊದಲ ಸಲ ಕೂಡಿಸಿದಾಗ ಒಂದು ಕಾಲು ಕುಂಟಿತು. ಹಿಂದಾದರೆ ಕಣ್ಣಲ್ಲೇ ಅಳೆದು ಕೊಯ್ಯುತ್ತಿದ್ದವಳು ಈಗ ಅಳತೆಗೋಲು ಹಿಡಿದು, ಗುರುತು ಹಾಕಿ, ಕೊಯ್ದಳು. ತಮ್ಮ ಅದನ್ನು ಕಂಡ. ಆಕೆ ಅಳತೆಗೋಲು ಹಿಡಿದದ್ದನ್ನು ಅವನು ಅದುವರೆಗೆ ಕಂಡಿರಲಿಲ್ಲ. ಹೊರಗೆ ಹೋದ.

ಪೀಠದ ಪರೀಕ್ಷೆಗೆ ತಮ್ಮನ ಹೆಂಡತಿಯೇ ಮುಂದೆ ಬಂದು ಮುಖವಿಟ್ಟಳು. ಒಳಗಿನಿಂದ ಆಕೆಯ ದನಿ ಬಾವಿಯಿಂದ ಬಂದಂತೆ ಕೇಳಿತು. "ಅತ್ತಿಗೆ, ಉಸಿರಾಡೋಕೆ ಜಾಗ ಬಿಟ್ಟಿದೀರೋ, ಅದಕ್ಕೂ ಅಂಟು ಹಾಕಿದೀರೋ?"

"ನಿನ್ನ ಬಾಯಿಗೊಂದು ಮುಚ್ಚಳ ಮಾಡೋದು ಮರೆತೆ."

"ನಾನೇ ಒಂದು ವಾರ ನಿಮ್ಮ ಬಾಯಿಗೆ ಕೊಳವೆ ಇಟ್ಟು ಟೀ ಕುಡಿಸೋಳು. ಮುಚ್ಚಳದ ಮಾತು ಯೋಚನೆ ಮಾಡಿ ಆಡಿ."

ಶಸ್ತ್ರಚಿಕಿತ್ಸೆಯ ಕೋಣೆ ತಣ್ಣಗಿತ್ತು. ಸೂಜಿಮದ್ದಿನಿಂದ ಕಣ್ಣು ಮರಗಟ್ಟಿತು. ಮನಸ್ಸು ಮಾತ್ರ ಎಚ್ಚರವಾಗಿತ್ತು. ಮುಖದ ಮೇಲೆ ಹೊದಿಸಿದ ಬಟ್ಟೆಯಡಿಯಲ್ಲಿ ಆಕೆಗೆ ಕಂಡದ್ದು ಬೆಳಕಿನ ಒಂದು ಮಡು. ಅದರಲ್ಲಿ ಸಣ್ಣ ಕಪ್ಪು ನೆರಳುಗಳು ಮೀನಿನಂತೆ ಬಂದು ಹೋಗುತ್ತಿದ್ದವು. ತನ್ನ ಕಣ್ಣೊಳಗೆ ಆಡುತ್ತಿರುವ ಆಯುಧಗಳನ್ನು ಅದೇ ಕಣ್ಣು ನೋಡುತ್ತಿದೆಯೆಂಬ ಅರಿವು ಆಕೆಯನ್ನು ನಡುಗಿಸಲಿಲ್ಲ, ಬೆರಗುಗೊಳಿಸಿತು. ಬಳಿಕ ಆ ಮಡುವಿನಲ್ಲಿ ನೀಲಿ ಹರಡಿತು.

"ಈಗ ಸ್ವಲ್ಪಾನೂ ಅಲುಗಬೇಡಿ. ಸಿಪ್ಪೆ ಹಿಡೀತಿದೀನಿ."

ಬಡಗಿಯಕ್ಕ ಉಸಿರನ್ನೂ ಸಣ್ಣದಾಗಿ ಬಿಟ್ಟಳು. ಕೆಲಸದಲ್ಲಿ ಮುಳುಗಿದವರ ಮೌನದ ಜಾತಿ ಆಕೆಗೆ ಗೊತ್ತಿತ್ತು. ಆ ಮೌನವನ್ನು ಕೇಳಿಯೇ ಡಾಕ್ಟರ ಕೈ ನಡುಗುತ್ತಿಲ್ಲವೆಂದು ತಿಳಿದುಕೊಂಡಳು. ತುಸು ಹೊತ್ತಾದ ಮೇಲೆ "ಬಂತು" ಎಂಬ ಒಂದೇ ಮಾತು ಕೇಳಿಸಿತು. ಯಾರೋ ಉಸಿರು ಬಿಟ್ಟರು. ತಾನೇ ಇರಬೇಕು.

ಅನಂತರದ ವಾರದಲ್ಲಿ ಆಕೆಯ ಪ್ರಪಂಚವು ನೆಲದ ಒಂದು ತುಂಡಿಗೆ ಇಳಿಯಿತು. ಬಲಗಣ್ಣಿನ ಮೇಲೆ ಕವಚ. ಎಡಗಣ್ಣಿಗೆ ಪೀಠದ ಬಳೆಯೊಳಗಿಂದ ಕಾಣುವಷ್ಟೇ ಭೂಮಿ. ಕತ್ತು ಕಲ್ಲಾಯಿತು, ಬೆನ್ನು ಉರಿಯಿತು, ಹಣೆಯ ಚರ್ಮ ಕೆಂಪೇರಿತು. ನೋಡಲು ಬಂದವರೆಲ್ಲ ಆಕೆಯ ಹಿಂದಲೆಯೊಂದಿಗೆ ಮಾತಾಡಿದರು. ಆಕೆ ಅವರ ಪಾದಗಳಿಗೆ ಉತ್ತರ ಕೊಟ್ಟಳು. ಬಂದವರಲ್ಲಿ ದೊಡ್ಡಮ್ಮನೊಬ್ಬಳು ಕುರ್ಚಿಯೆಳೆದು ಕುಳಿತು ರಾಗ ತೆಗೆದಳು.

"ಅಯ್ಯೋ ಪಾಪ. ಹೇಗಿದ್ದೋಳು ಹೇಗಾದೆಯಲ್ಲೇ. ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತು? ಬಂದದ್ದನ್ನ ಅನುಭವಿಸಿಕೊಂಡು ತಲೆ ತಗ್ಗಿಸಿಕೊಂಡು ಇರೋದಲ್ವಾ?"

"ತಗ್ಗಿಸೇ ಇದೀನಲ್ಲ ದೊಡ್ಡಮ್ಮ, ಇನ್ನೆಷ್ಟು ತಗ್ಗಿಸ್ಲಿ? ಅಂದಹಾಗೆ ನಿಮ್ಮ ಹೆಬ್ಬೆರಳಿನ ಉಗುರು ಕತ್ತರಿಸಿ ಎಷ್ಟು ದಿನ ಆಯ್ತು?"

ಪಾದಗಳು ಸರ್ರನೆ ಕುರ್ಚಿಯಡಿ ಸೇರಿದವು. ಬಾಗಿಲಲ್ಲಿ ತಮ್ಮನ ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡು ಓಡಿದ್ದು ಕೇಳಿಸಿತು. ದೊಡ್ಡಮ್ಮ ಆಮೇಲೆ ಹೆಚ್ಚು ಹೊತ್ತು ಕೂರಲಿಲ್ಲ.

ಹಾಗೆಂದು ಆ ವಾರವೆಲ್ಲ ನಗೆಯಲ್ಲಿ ಕಳೆಯಿತೆಂದರೆ ಸುಳ್ಳಾದೀತು. ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ತಲೆಯೆತ್ತಿ ಒಂದೇ ಒಂದು ಸಲ ಕಿಟಕಿಯ ಹೊರಗೆ ನೋಡಿಬಿಡಬೇಕೆಂಬ ಆಸೆ ಬಾಯಾರಿಕೆಯಂತೆ ಬಂತು. ಯಾರು ನೋಡುತ್ತಾರೆ? ಒಂದು ಕ್ಷಣದಲ್ಲಿ ಏನಾದೀತು? ಆಕೆ ಪೀಠದ ತೋಳುಗಳನ್ನು ಹಿಡಿದುಕೊಂಡಳು. ಕಣ್ಣೀರು ನೇರವಾಗಿ ನೆಲಕ್ಕೆ ತೊಟ್ಟಿಕ್ಕಿತು, ಕೆನ್ನೆಗೂ ತಾಕಲಿಲ್ಲ. "ಎತ್ತಲ್ಲ" ಎಂದು ನೆಲಕ್ಕೆ ಹೇಳಿದಳು. ಮತ್ತೆ ಹೇಳಿದಳು. ಆಸೆ ಹೋಗಲಿಲ್ಲ, ಆದರೆ ತಲೆಯೂ ಏಳಲಿಲ್ಲ.

ವಾರ ಮುಗಿಯುವ ಮುನ್ನ ಗ್ರಂಥಪಾಲಕರು ಬಂದರು. ಅವರನ್ನು ತಮ್ಮನೇ ಕರೆತಂದಿದ್ದ. ಅಕ್ಕನ ಬಾಯಿಂದಲೇ ಬಿಡುಗಡೆಯ ಮಾತು ಬಂದರೆ ಎಲ್ಲರಿಗೂ ನೆಮ್ಮದಿಯೆಂಬುದು ಅವನ ಎಣಿಕೆ. ಬೂಟುಗಳನ್ನು ಹೊರಗೆ ಬಿಟ್ಟು ಬಂದ ಗ್ರಂಥಪಾಲಕರ ಕಪ್ಪು ಕಾಲುಚೀಲಗಳು ಆಕೆಯ ನೆಲದ ತುಂಡಿನೊಳಕ್ಕೆ ಬಂದು ನಿಂತವು.

"ಆರಾಮ ತಗೊಳ್ಳಿ ಅಕ್ಕನವ್ರೆ. ಮೇಜಿನ ಯೋಚನೆ ಬಿಟ್ಟುಬಿಡಿ. ನೀವು ಹೂಂ ಅಂದ್ರೆ ಬೇರೆ ವ್ಯವಸ್ಥೆ ಮಾಡ್ಕೋತೀವಿ. ನಮಗೇನೂ ಬೇಸರ ಇಲ್ಲ."

"ನಂಗಿದೆ ಸಾರ್. ನಾನು ಹೂಂ ಅನ್ನಲ್ಲ."

"ಅಕ್ಕ" ಎಂದ ತಮ್ಮ.

"ನೀನು ಸುಮ್ನಿರು. ಸಾರ್, ನಿಮಗೆ ಬೇಕಾದ್ದು ಏನು?"

"ಗಟ್ಟಿ ಮೇಜು. ನೇರವಾಗಿರಬೇಕು, ಸಂದು ಕಾಣಬಾರದು."

"ಯಾವ ಕಣ್ಣಲ್ಲಿ ನೋಡಿ ಮಾಡಿರಬೇಕು ಅಂತ ಏನಾದ್ರೂ ಇದೆಯಾ?"

ಗ್ರಂಥಪಾಲಕರು ಕೆಮ್ಮಿದರು. "ಹಾಗಲ್ಲ. ಆದ್ರೆ ಕಣ್ಣಿನ ಒಳಗೆ ತೂತು ಅಂದ್ರೆ ಸಣ್ಣ ವಿಷಯವೇ?"

"ತೂತು ಯಾರಿಗೆ ಬೀಳಲ್ಲ ಸಾರ್? ನಿಮ್ಮ ಎಡಗಾಲಿನ ಚೀಲಕ್ಕೂ ಬಿದ್ದಿದೆ. ಹಾಗಂತ ನೀವು ನಡೆಯೋದು ಬಿಟ್ಟು ಮನೇಲಿ ಕೂತ್ರಾ?"

ಎಡಗಾಲಿನ ಹೆಬ್ಬೆರಳು ನಾಚಿ ಮಡಿಚಿಕೊಂಡಿತು. ಆಮೇಲೆ ಗ್ರಂಥಪಾಲಕರು ನಕ್ಕರು. ಗ್ರಂಥಾಲಯದಲ್ಲಿ ಕೂಡಿಟ್ಟುಕೊಂಡ ನಗುವನ್ನೆಲ್ಲ ಒಮ್ಮೆಗೇ ಬಿಟ್ಟಂತೆ ನಕ್ಕರು.

"ಏನ್ಮಾಡಬೇಕು ಅಂತೀರಿ, ಹೇಳಿ."

"ಕಾಯಿರಿ. ಗುಳ್ಳೆ ಕರಗಿ, ಡಾಕ್ಟ್ರಮ್ಮ ಕೆಲಸಕ್ಕೆ ಹೋಗು ಅಂದ ಮೇಲೆ ಹೇಳಿಕಳಿಸ್ತೀನಿ. ಮೊದಲ ಎರಡು ಹಲಗೆ ನಿಮ್ಮ ಎದುರಿಗೇ ಕೂಡಿಸ್ತೀನಿ. ನಡುವೆ ಬೆಳಕು ಕಂಡ್ರೆ ಆ ಎರಡು ಹಲಗೆ ನನ್ನವು, ಮೇಜು ಯಾರದ್ದಾದ್ರೂ ಆಗಲಿ. ಆಮೇಲೆ ನನ್ನ ತಮ್ಮ ಹಾಕಿದ ಕುರ್ಚಿ ಮೇಲೆ ಕೂತ್ಕೋತೀನಿ, ಒಂದು ಮಾತಾಡಲ್ಲ."

ಪಣ ದೊಡ್ಡದೆಂದು ತಮ್ಮನಿಗೆ ಗೊತ್ತಾಯಿತು. ಗ್ರಂಥಪಾಲಕರು ಒಪ್ಪಿ ಹೋದ ಮೇಲೆ ಅವನು ಅಕ್ಕನ ಪೀಠದ ಪಕ್ಕದಲ್ಲಿ ನೆಲದ ಮೇಲೆ ಮಲಗಿ, ಬಳೆಯೊಳಗಿನ ಮುಖವನ್ನು ಕೆಳಗಿನಿಂದ ನೋಡಿದ. ಅಷ್ಟು ದಿನಗಳಲ್ಲಿ ಆಕೆಯ ಮುಖ ನೋಡಿ ಮಾತಾಡಿದವನು ಅವನೊಬ್ಬನೇ.

"ಬೆಳಕು ಕಂಡ್ರೆ ಏನ್ಮಾಡ್ತೀಯ ಅಕ್ಕ?"

"ಕಾಣಲಿ ಅಂತ ಆಸೆಯಾ?"

"ಥೂ" ಎಂದ ಅವನು. ಕಣ್ಣೊರೆಸಿಕೊಂಡು ಎದ್ದು ಹೋದ.

ಕವಚ ತೆಗೆದ ಮೇಲೆ ಬಲಗಣ್ಣಿಗೆ ಕಂಡದ್ದು ಮೊದಲು ಬರಿಯ ಮಂಜು. ದಿನ ಕಳೆದಂತೆ ಮಂಜಿನ ಮೇಲಂಚಿನಲ್ಲಿ ತಿಳಿಯಾದ ಪಟ್ಟಿಯೊಂದು ತೆರೆಯಿತು. ಅದರ ಕೆಳಗೆ ಗುಳ್ಳೆಯ ಅಂಚು, ತಲೆ ವಾಲಿಸಿದರೆ ತಾನೂ ತುಳುಕುತ್ತ, ಕೆರೆಯ ನೀರಿನ ಗೆರೆಯಂತೆ ನಿಂತಿತ್ತು. ದಿನದಿನಕ್ಕೂ ಗೆರೆ ಕೆಳಗಿಳಿಯಿತು; ಬಳಿಕ ಗುಳ್ಳೆ ಮಣಿಯಷ್ಟಾಗಿ, ಸಾಸಿವೆಯಷ್ಟಾಗಿ, ಒಂದು ಬೆಳಿಗ್ಗೆ ಇಲ್ಲವಾಯಿತು. ಆಸ್ಪತ್ರೆಯ ಹೊಸ ಸ್ಕ್ಯಾನಿನಲ್ಲಿ ಕಂದರವಿರಲಿಲ್ಲ. ಎದ್ದಿದ್ದ ಅಂಚುಗಳು ಮಲಗಿ ಕೂಡಿಕೊಂಡಿದ್ದವು.

"ಮುಚ್ಚಿದೆ" ಎಂದರು ಡಾಕ್ಟರು. ಅವರೂ ಒಂದಿಷ್ಟು ನಕ್ಕರು.

ಬಡಗಿಯಕ್ಕ ಎಡಗಣ್ಣು ಮುಚ್ಚಿ ಕೋಣೆಯ ಬಾಗಿಲ ಚೌಕಟ್ಟನ್ನು ನೋಡಿದಳು. ಡಾಕ್ಟರ ಮೂಗು ಇದ್ದ ಜಾಗದಲ್ಲಿತ್ತು. ಅಕ್ಷರಗಳು ಕಂಡವು. ಆದರೆ ಚೌಕಟ್ಟಿನ ನಡುವೆ, ಮೊದಲಿನಷ್ಟಲ್ಲದಿದ್ದರೂ, ಒಂದು ಸಣ್ಣ ಕುಸಿತ ಉಳಿದಿತ್ತು.

"ಇನ್ನೂ ಚೂರು ಬಳುಕಿದೆ."

"ತಿಂಗಳುಗಳು ಹೋದ ಹಾಗೆ ಇನ್ನೂ ಕಡಿಮೆ ಆಗಬಹುದು. ಪೂರ್ತಿ ಹೋಗುತ್ತೆ ಅಂತ ಹೇಳಲ್ಲ."

"ಕೆಲಸ?"

"ಮಾಡಿ. ಭಾರ ಮಾತ್ರ ಬೇರೆಯವರು ಎತ್ತಲಿ."

ಹೇಳಿಕಳಿಸಿದ ದಿನ ಗ್ರಂಥಪಾಲಕರು ಬಂದರು. ಈ ಸಲ ಕಾಲುಚೀಲ ಹೊಸದಾಗಿತ್ತು. ಅದನ್ನು ತಮ್ಮನ ಹೆಂಡತಿ ಮೊದಲು ಗಮನಿಸಿ, ಯಾರಿಗೂ ಕೇಳದಂತೆ ಅತ್ತಿಗೆಯ ಕಿವಿಯಲ್ಲಿ ಹೇಳಿದಳು. ತಮ್ಮನು ಮೊದಲ ಹಲಗೆಯನ್ನು ಎತ್ತಿ ಕೆಲಸದ ಮೇಜಿಗೆ ಬಿಗಿದ. ಬಡಗಿಯಕ್ಕ ಕೀಸುಳಿ ಹಿಡಿದು ಅಂಚನ್ನು ಹೆರೆದಳು. ಸುರುಳಿಗಳು ತೆಳ್ಳಗೆ, ಉದ್ದಕ್ಕೆ, ಕತ್ತರಿಸಿಕೊಳ್ಳದೆ ಬಂದವು. ಬಳಿಕ ರೂಢಿಯಂತೆ ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಅಂಚಿಗೆ ತಂದಳು.

ನಡುವೆ ಡೊಂಕಿತ್ತು.

ಸಣ್ಣದು. ಆದರೆ ಅಲ್ಲಿಯೇ ಇತ್ತು, ಬೆರಳಿಟ್ಟು ತೋರಿಸಬಹುದಾದಷ್ಟು ಸ್ಪಷ್ಟವಾಗಿ ಇತ್ತು. ಜೀವಮಾನವಿಡೀ ಕೈಯನ್ನು ಆಳಿದ ಕಣ್ಣು ಈಗಲೂ ಅದೇ ಅಧಿಕಾರದ ದನಿಯಲ್ಲಿ "ಇಲ್ಲಿ ಹೆರೆ" ಎಂದಿತು. ಕೀಸುಳಿಯ ಮೇಲಿದ್ದ ಕೈ ತಾನಾಗಿ ಬಿಗಿಯಾಯಿತು. ತಮ್ಮನ ಮಾತನ್ನು ಮೀರುವುದು ಆಕೆಗೆ ಕಷ್ಟವಾಗಿರಲಿಲ್ಲ. ದೊಡ್ಡಮ್ಮನ ಮಾತಂತೂ ತೃಣಕ್ಕೆ ಸಮಾನ. ದೇವರೊಡನೆಯೂ ಜಗಳವಾಡಿ ಮುಗಿದಿತ್ತು. ಈ ಕಣ್ಣನ್ನು ಮೀರುವುದೆಂದರೆ ತಂದೆಯನ್ನು ಮೀರಿದಂತೆ, ತನ್ನನ್ನೇ ಮೀರಿದಂತೆ. ಕೋಣೆಯಲ್ಲಿದ್ದ ಮೂವರೂ ಉಸಿರು ಹಿಡಿದಿದ್ದರು. ತಮ್ಮನಿಗೆ ಆ ಕೈ ಬಿಗಿಯಾದದ್ದು ಕಂಡಿತು.

"ಸುಳ್ಳು ಹೇಳ್ತಿದೀಯ" ಎಂದಳು ಬಡಗಿಯಕ್ಕ, ಕಣ್ಣಿಗೆ.

ಕೀಸುಳಿಯನ್ನು ಕೆಳಗಿಟ್ಟಳು. ಎರಡೂ ಕಣ್ಣು ಮುಚ್ಚಿಕೊಂಡು, ಹೆಬ್ಬೆರಳಿನ ಮಾಂಸಲ ಭಾಗವನ್ನು ಅಂಚಿನ ಮೇಲೆ ಈ ಕೊನೆಯಿಂದ ಆ ಕೊನೆಗೆ ಎಳೆದಳು. ಎಲ್ಲಿಯೂ ಏರಿಲ್ಲ, ಇಳಿವಿಲ್ಲ. ಎರಡನೆಯ ಹಲಗೆಯನ್ನೂ ಹಾಗೆಯೇ ಹೆರೆದು, ಹಾಗೆಯೇ ಬೆರಳಿಗೆ ಒಪ್ಪಿಸಿದಳು. ಆಮೇಲೆ ತಮ್ಮನಿಗೆ ಸನ್ನೆ ಮಾಡಿದಳು. ಅವನು ಒಂದರ ಮೇಲೊಂದು ಅಂಚನ್ನಿಟ್ಟು, ಕಿಟಕಿಯ ಬೆಳಕಿಗೆ ಎದುರಾಗಿ ಎತ್ತಿ ಹಿಡಿದ.

"ನೋಡಿ ಸಾರ್. ನಾನು ನೋಡಲ್ಲ."

ಗ್ರಂಥಪಾಲಕರು ಕನ್ನಡಕ ಒರೆಸಿಕೊಂಡು, ಹಲಗೆಗಳ ಸಂದಿಗೆ ಮುಖವನ್ನು ತಂದು, ಈ ತುದಿಯಿಂದ ಆ ತುದಿಗೆ ನಡೆದರು. ಹಿಂದಕ್ಕೂ ನಡೆದರು. ನಡುವೆ ಒಂದು ಕಡೆ ನಿಂತರು. ತಮ್ಮನು ಕಣ್ಣು ಮುಚ್ಚಿಕೊಂಡ.

"ಇಲ್ಲಿ ಎರಡು ಹಲಗೆ ಇವೆ ಅಂತ ನೀವು ಹೇಳಿದ್ದಕ್ಕೆ ನಂಬಬೇಕು" ಎಂದರು ಅವರು. "ಬೆಳಕಂತೂ ಇಲ್ಲ."

ತಮ್ಮನು ಹಲಗೆಗಳನ್ನು ಇಳಿಸಿ, ಅವುಗಳ ಮೇಲೆಯೇ ತಲೆಯಿಟ್ಟು ಕೆಲಕಾಲ ನಿಂತ. ಆಮೇಲೆ ಮೂಗೊರೆಸಿಕೊಂಡು, "ಇವತ್ತಿಗೆ ಸಾಕು ಅಕ್ಕ. ಒಂದು ವಾರ ಬಿಟ್ಟು ಮುಂದಿನದು ನೋಡೋಣ" ಎಂದ.

"ಆ ಕಣ್ಣಿಗೆ ಪೊರೆ ಬರುತ್ತಂತೆ. ಮತ್ತೆ ಆಸ್ಪತ್ರೆ, ಮತ್ತೆ ದೊಡ್ಡಮ್ಮ." ಬಡಗಿಯಕ್ಕ ಕೀಸುಳಿಯ ಬಾಯಲ್ಲಿ ಸಿಕ್ಕಿದ್ದ ಸುರುಳಿಯನ್ನು ಊದಿ ಹಾರಿಸಿದಳು. "ಅದು ಬರೋದ್ರೊಳಗೆ ಮೇಜಿನ ಮೇಲೆ ಜನ ಓದ್ತಾ ಕೂತಿರಬೇಕು. ಮೂರನೇ ಹಲಗೆ ಎತ್ತು."